ಕ್ವಾಂಟಮ್ ಹೆಸರಲ್ಲಿ ಮಂಗ ಮಾಡ್ಬೇಡಿ

ನಾವು ನೋಡದೇ ಇದ್ದಾಗ ಚಂದ್ರ ಇರೋದಿಲ್ಲವಂತೆ. ಐನ್‌ಸ್ಟೈನ್ ಹೇಳಿದ್ದಂತೆ. ಹಾಗಾಗಿ ಜಗತ್ತು ಅನ್ನೋದು ನಮ್ಮ ಮನಸ್ಸಿನ ಸೃಷ್ಟಿ, ಮನಸ್ಸಿನ ‘ಕಂಪನ’ ಸರಿ ಮಾಡಿಕೊಂಡರೆ ಬಿಪಿ ಇಳಿಯುತ್ತೆ, ಪ್ರಮೋಷನ್ ಬರುತ್ತೆ, ಊರಲ್ಲಿ ಅಣ್ಣತಮ್ಮಂದಿರ ಪಾಲಿನ ಕೇಸೂ ಮುಗಿಯುತ್ತೆ. ಶನಿವಾರ ಭಾನುವಾರ ಎರಡು ದಿನ, ಹೋಟೆಲಿನ ಎಸಿ ಹಾಲು, ಮಧ್ಯಾಹ್ನದ ಊಟ ಸೇರಿ ಫೀಸು, ಕೊನೆಯಲ್ಲಿ ಹೆಸರು ಅಚ್ಚಾದ ಸರ್ಟಿಫಿಕೇಟು. ಹೋಗಿಬಂದವರು ನನ್ನ ನಿಮ್ಮಂಥವರೇ. ಬಿಇ, ಎಂಸಿಎ, ಸಿಎ ಓದಿದವರು. ಅವರಲ್ಲಿ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರೂ ಸಾಕಷ್ಟು. ಬೆಂಗಳೂರಲ್ಲಿ ಕಲಿತಿದ್ದು ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಊರಿಗೂ ಹೋಗುತ್ತೆ. ಅಪ್ಪನ ಶುಗರಿಗೆ, ಅಮ್ಮನ ಮಂಡಿನೋವಿಗೆ ಕ್ವಾಂಟಮ್ ಮದ್ದು.

ಮೊದಲು ಚಂದ್ರನ ಲೆಕ್ಕ ಚುಕ್ತಾ ಮಾಡೋಣ. ಐನ್‌ಸ್ಟೈನ್ ಹಾಗೆ ಹೇಳಲೇ ಇಲ್ಲ. ಜೊತೆಗೆ ನಡೆದು ಹೋಗುತ್ತಿದ್ದ ಅಬ್ರಹಾಂ ಪೈಸ್ ಎಂಬ ಭೌತವಿಜ್ಞಾನಿಯನ್ನು ತಡೆದು, ನೀನು ನೋಡಿದಾಗ ಮಾತ್ರ ಚಂದ್ರ ಇರುತ್ತೆ ಅಂತ ನಿಜಕ್ಕೂ ನಂಬ್ತೀಯಾ ಅಂತ ಕೇಳಿದ್ದರು. ಕೇಳಿದ್ದು ಒಪ್ಪಿ ಅಲ್ಲ, ಒಪ್ಪದೆ. ಆಕ್ಷೇಪಣೆಯನ್ನೇ ತೀರ್ಪು ಅಂತ ಓದಿಬಿಟ್ಟರೆ ಯಾವ ಕೋರ್ಟು ತಾನೇ ನಡೆದೀತು?

ಎಲ್ಲ ಗೊಂದಲಕ್ಕೂ ಮೂಲ ಒಂದು ಪದ. ಇಂಗ್ಲಿಷಿನಲ್ಲಿ ‘ಅಬ್ಸರ್ವರ್’. ಪ್ರಯೋಗಶಾಲೆಯಲ್ಲಿ ಅದರರ್ಥ ತೀರಾ ಸಪ್ಪೆ: ಕಣಕ್ಕೆ ಏನೋ ತಗುಲಿತು, ತಗುಲಿದ್ದರ ಗುರುತು ಎಲ್ಲೋ ಉಳಿಯಿತು. ಗುರುತು ಉಳಿಯೋಕೆ ಕಣ್ಣು ಬೇಕಿಲ್ಲ, ಮನಸ್ಸು ಬೇಕಿಲ್ಲ. ನಮ್ಮವರು ಅದನ್ನ ‘ವೀಕ್ಷಕ’ ಅಂದರು. ಆಮೇಲೆ ಯಾರೋ ‘ದ್ರಷ್ಟಾರ’ ಅಂದರು, ಇನ್ನೊಬ್ಬರು ‘ಸಾಕ್ಷಿ’ ಅಂದರು. ಸಾಕ್ಷಿ ಅಂದ ತಕ್ಷಣ ಅರ್ಧ ವೇದಾಂತ ಬಿಟ್ಟಿಯಾಗಿ ಒಳಗೆ ಬಂದು ಕೂತಾಯ್ತು. ಇನ್ನರ್ಧಕ್ಕೆ ಫೀಸು.

ಹಾಗೆ ಒಳಗೆ ಬಂದ ವೇದಾಂತವನ್ನಾದರೂ ಇವರು ಓದಿದ್ದಾರಾ? ‘ಶಂಕರಾಚಾರ್ಯರು ಸಾವಿರ ವರ್ಷದ ಹಿಂದೆ ಹೇಳಿದ್ದನ್ನೇ ಕ್ವಾಂಟಮ್ ಈಗ ಹೇಳ್ತಿದೆ’ ಅನ್ನೋದು ಪ್ರತಿ ಶಿಬಿರದ ಮೊದಲ ಸ್ಲೈಡು. ತೀರ್ಥಹಳ್ಳಿಯಿಂದ ಶೃಂಗೇರಿ ದೂರವೇನಲ್ಲ, ಅಲ್ಲಿ ಭಾಷ್ಯ ಪಾಠ ಓದಿದವರನ್ನು ಯಾರನ್ನಾದರೂ ಕೇಳಿ. ಹೊರಗಿನ ವಸ್ತು ಇಲ್ಲ, ಇರೋದು ಬರೀ ಮನಸ್ಸಿನ ಅರಿವು ಅನ್ನೋ ವಾದ ಆ ಕಾಲದಲ್ಲೇ ಇತ್ತು. ವಿಜ್ಞಾನವಾದಿ ಬೌದ್ಧರದ್ದು. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಎರಡನೇ ಪಾದದಲ್ಲಿ ಶಂಕರರು ಅದನ್ನ ಹಿಡಿದು ಖಂಡಿಸ್ತಾರೆ. ಜನ ಕಾಣೋದು ಕಂಬವನ್ನು, ಗೋಡೆಯನ್ನು; ತಮ್ಮ ಕಾಣುವಿಕೆಯನ್ನೇ ಕಂಬ ಅಂತ ಯಾರೂ ಕಾಣೋದಿಲ್ಲ ಅನ್ನೋ ಧಾಟಿಯ ವಾದ ಅದು. ಎಚ್ಚರ ಬೇರೆ, ಕನಸು ಬೇರೆ ಅಂತಲೂ ಮುಂದಿನ ಸೂತ್ರದಲ್ಲೇ ಹೇಳ್ತಾರೆ. ಬ್ರಹ್ಮದ ಮಟ್ಟದಲ್ಲಿ ಜಗತ್ತು ಏನು ಅನ್ನೋದು ಅವರಲ್ಲಿ ಬೇರೆಯೇ ಚರ್ಚೆ. ಆದರೆ ನಿನ್ನ ಮನಸ್ಸು ಬದಲಾದರೆ ಕಂಬ ಬದಲಾಗುತ್ತೆ ಅಂತ ಅವರು ಎಲ್ಲೂ ಹೇಳಿಲ್ಲ. ಎರಡು ದಿನದ ಶಿಬಿರದಲ್ಲಿ ಮಾರ್ತಾ ಇರೋದು ಶಂಕರರು ಸೋಲಿಸಿದ ಪಕ್ಷದ ಮಾಲು, ಅದೂ ಕಲಬೆರಕೆ ಮಾಡಿದ್ದು.

ಪೂರ್ವಜರು ಬೇಕೇ ಬೇಕು ಅಂದರೆ ಶಿವಪ್ಪ ನಾಯಕನನ್ನು ತಗೊಳ್ಳಿ. ಇಕ್ಕೇರಿಯಿಂದ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಹೋದ ಮೇಲೆ 17ನೇ ಶತಮಾನದ ನಡುವಿನಲ್ಲಿ ಆಳಿದ ಕೆಳದಿಯ ಅರಸು. ಅವನ ಕಂದಾಯದ ‘ಶಿಸ್ತು’ ಮಲೆನಾಡಿನಲ್ಲಿ ಇವತ್ತಿಗೂ ಹೆಸರುವಾಸಿ. ಪ್ರತಿಯೊಂದು ನಮೂನೆಯ ಗದ್ದೆಯನ್ನೂ ಹನ್ನೆರಡು ವರ್ಷ ಸ್ವತಃ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದಿದ್ದೆಷ್ಟು ಅಂತ ಬರೆಸಿ, ಆಮೇಲೆ ಕಂದಾಯ ಕಟ್ಟಿದ ಅನ್ನೋ ಮಾತಿದೆ. ಹನ್ನೆರಡು ವರ್ಷ! ನೋಡುವುದು ಅಂದರೆ ಇದು. ಗದ್ದೆ ಹೇಳಿದ್ದನ್ನು ದೊರೆ ಬರೆದುಕೊಂಡ. ದೊರೆ ಅಂದುಕೊಂಡಿದ್ದನ್ನು ಗದ್ದೆ ಬೆಳೆದುಕೊಡಲಿಲ್ಲ.

ಸರಿ, ಈಗ ಫಿಸಿಕ್ಸು. ಎರಡು ಸೀಳುಗಳ ಪ್ರಯೋಗ ಎಲ್ಲರಿಗೂ ಗೊತ್ತು, ಯೂಟ್ಯೂಬಿನ ಕೃಪೆ. ಕಣಗಳನ್ನು ಒಂದೊಂದಾಗಿ ಬಿಟ್ಟರೂ ಪರದೆ ಮೇಲೆ ಅಲೆಯ ಪಟ್ಟೆ ಮೂಡುತ್ತೆ. ಯಾವ ಸೀಳಿನಲ್ಲಿ ಹೋಯ್ತು ಅಂತ ಪತ್ತೆ ಮಾಡಿದರೆ ಪಟ್ಟೆ ಮಾಯ. ‘ನೋಡಿದ್ರಾ, ನಾವು ನೋಡ್ತಿದ್ದೀವಿ ಅಂತ ಕಣಕ್ಕೆ ಗೊತ್ತಾಗುತ್ತೆ!’ ಅಂತ ಶಿಬಿರದವರು ಕಣ್ಣರಳಿಸೋದು ಇಲ್ಲೇ. 2004ರಲ್ಲಿ ವಿಯೆನ್ನಾದ ತಂಡವೊಂದು ಪ್ರಕಟಿಸಿದ ಪ್ರಯೋಗವನ್ನು ಮಾತ್ರ ಅವರು ಹೇಳೋದಿಲ್ಲ. ಎಪ್ಪತ್ತು ಕಾರ್ಬನ್ ಪರಮಾಣುಗಳ ಚೆಂಡಿನಂಥ ಅಣುಗಳು. ಅವುಗಳಿಂದಲೂ ಅಲೆಯ ಪಟ್ಟೆ ಬರುತ್ತೆ. ಅವನ್ನು ಲೇಸರಿನಿಂದ ಕಾಯಿಸುತ್ತಾ ಹೋದರು. ಕಾದ ಕಬ್ಬಿಣ ಕೆಂಪಗೆ ಬೆಳಗೋ ಹಾಗೆ ಕಾದ ಅಣುಗಳೂ ಬೆಳಕು ಉಗುಳುತ್ತವೆ. ಕಾವು ಏರಿದ ಹಾಗೆ ಪಟ್ಟೆ ಮಸುಕಾಗುತ್ತಾ ಹೋಗಿ ಅಳಿಸಿಹೋಯ್ತು. ಆ ಬೆಳಕನ್ನು ಹಿಡಿದವರು ಯಾರು? ಯಾರೂ ಇಲ್ಲ. ನೋಡಿದವರು? ಯಾರೂ ಇಲ್ಲ. ಅಣು ಎಲ್ಲಿದೆ ಅನ್ನೋ ಗುರುತು ಬೆಳಕಿನ ಜೊತೆ ಹೊರಗೆ ಹೋಯ್ತು, ಅಷ್ಟಕ್ಕೇ ಅಲೆಯಾಟ ನಿಂತಿತು. ಮಾಡಿದ್ದು ಬಿಸಿ, ಸ್ವಾಮಿ. ಪ್ರಜ್ಞೆ ಅಲ್ಲ.

ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲವಲ್ಲ. ಡೀಬಗ್ಗರ್ ಹಾಕಿದ ತಕ್ಷಣ ಕಾಣೆಯಾಗೋ ಬಗ್ಗಿಗೆ ನೀವೇ ‘ಹೈಸೆನ್‌ಬಗ್’ ಅಂತ ಹೆಸರಿಟ್ಟಿದ್ದೀರಿ. ಬಗ್ಗು ನಿಮ್ಮ ಮನಸ್ಸು ಓದಿ ಅಡಗಿಕೊಳ್ತು ಅಂತ ಸ್ಟ್ಯಾಂಡಪ್ ಮೀಟಿಂಗಲ್ಲಿ ಹೇಳ್ತೀರಾ? ಡೀಬಗ್ಗರಿನಿಂದ ಟೈಮಿಂಗ್ ಬದಲಾಯ್ತು ಅಂತೀರಿ. ಸೋಮವಾರದಿಂದ ಶುಕ್ರವಾರದವರೆಗೆ ಇರೋ ಬುದ್ಧಿ ಶನಿವಾರ ಎಲ್ಲಿಗೆ ಹೋಗುತ್ತೆ?

ಆದರೆ ಹೈಸೆನ್‌ಬಗ್ ಹೋಲಿಕೆ ಪೂರ್ತಿ ನಿಲ್ಲೋದಿಲ್ಲ. ಇಲ್ಲಿ ನನ್ನ ವಿಚಾರವಾದಿ ಗೆಳೆಯರ ಜೊತೆಗೂ ಜಗಳ ಇದೆ. ‘ಎಲ್ಲ ಬೊಗಳೆ, ಕ್ವಾಂಟಮ್ಮಲ್ಲಿ ವಿಚಿತ್ರ ಏನೂ ಇಲ್ಲ, ಮುಟ್ಟಿದರೆ ಅಲುಗುತ್ತೆ ಅಷ್ಟೇ’ ಅಂತ ಅವರು ಕೈ ತೊಳೆದುಕೊಳ್ತಾರೆ. ಅಷ್ಟೇ ಆಗಿದ್ದರೆ ಇದಕ್ಕೆ ನೂರು ವರ್ಷದ ಜಗಳ ಬೇಕಿರಲಿಲ್ಲ. ವಿಚಿತ್ರ ಇದೆ. ಅದನ್ನ ಅಳೆದು ನೋಡಿದ್ದು ಬೆಂಗಳೂರಲ್ಲೇ, ಸದಾಶಿವನಗರದಲ್ಲಿ, ಸಿ.ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡು ಎಷ್ಟು ಸಲ ಅದರ ಆಸುಪಾಸಿನಲ್ಲೇ ಹಾದುಹೋಗಿದ್ದೀರೋ.

ಸ್ವಲ್ಪ ತಾಳ್ಮೆ ಇಟ್ಟುಕೊಂಡು ಈ ಲೆಕ್ಕ ನೋಡಿ. ಒಂದು ಬಸ್ಸು. ಒಂದೋ ಸಾಗರದ ಸ್ಟ್ಯಾಂಡಲ್ಲಿ ಇರುತ್ತೆ, ಇಲ್ಲವೋ ಹೊಸನಗರದಲ್ಲಿ. ಹಾದಿಯಲ್ಲಿರೋ ಹೊತ್ತು ಬಿಟ್ಟುಬಿಡಿ. ದಿನಕ್ಕೆ ಮೂರು ಹೊತ್ತು: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಬಸ್ಸು ಊರು ಬದಲಾಯಿಸಿದ್ದು 100 ದಿನಕ್ಕೆ 25 ದಿನ. ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಬದಲಾಯಿಸಿದ್ದೂ 25 ದಿನ. ಹಾಗಾದರೆ ಬೆಳಿಗ್ಗೆ ಒಂದೂರು, ಸಂಜೆ ಇನ್ನೊಂದೂರು ಆಗಿರೋದು ಹೆಚ್ಚೆಂದರೆ ಎಷ್ಟು ದಿನ? 25 ಕೂಡಿಸು 25, ಐವತ್ತು. ಇದಕ್ಕೆ ಡ್ರೈವರ್ ಯಾರು, ಡೀಸೆಲ್ ಎಷ್ಟು ಅಂತ ಗೊತ್ತಿರಬೇಕಿಲ್ಲ. ಮೂರೂ ಹೊತ್ತು ಬಸ್ಸು ಎಲ್ಲೋ ಒಂದು ಕಡೆ ‘ಇತ್ತು’ ಅಂತ ಒಪ್ಪಿದರೆ ಸಾಕು, ಐವತ್ತು ದಾಟೋಕೆ ಸಾಧ್ಯವೇ ಇಲ್ಲ. ನೀವು ವಿಚಾರಿಸಿದ್ದರಿಂದ ಬಸ್ಸಿನ ಓಡಾಟ ಕೆಡಬಾರದು, ಅದೊಂದೇ ಷರತ್ತು.

ಈ ನಮೂನೆಯ ಲೆಕ್ಕವನ್ನು 1985ರಲ್ಲಿ ಆಂಥೊನಿ ಲೆಗೆಟ್ ಮತ್ತು ಅನುಪಮ್ ಗರ್ಗ್ ಮುಂದಿಟ್ಟರು. ಬಸ್ಸಿನ ಜಾಗದಲ್ಲಿ ಕ್ವಾಂಟಮ್ ವಸ್ತು, ಎರಡು ಊರಿನ ಜಾಗದಲ್ಲಿ ಎರಡು ಸ್ಥಿತಿ. ಕ್ವಾಂಟಮ್ ಸಿದ್ಧಾಂತದ ಪ್ರಕಾರ, ಮೇಲಿನ ಎರಡು ಇಪ್ಪತ್ತೈದುಗಳು ಹಾಗೇ ಇದ್ದು ಮೂರನೆಯದು 75ರವರೆಗೂ ಹೋಗಬಹುದು. ರಾಮನ್ ಸಂಸ್ಥೆಯ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯ ಒಂಟಿ ಫೋಟಾನುಗಳನ್ನು ಇಟ್ಟುಕೊಂಡು ಇದನ್ನ ಪರೀಕ್ಷಿಸಿತು, ಫಲಿತಾಂಶ 2022ರಲ್ಲಿ ಪ್ರಕಟವಾಯ್ತು. ಮುಟ್ಟಿದ್ದರಿಂದ ಕೆಟ್ಟಿತು ಅನ್ನೋ ಸಬೂಬಿಗೂ ಅವರು ಜಾಗ ಕೊಡಲಿಲ್ಲ. ಒಂದು ದಾರಿಗೆ ಅಡ್ಡ ಇಡೋದು, ಫೋಟಾನು ಕೊನೆ ತಲುಪಿದರೆ ಅದು ಇನ್ನೊಂದು ದಾರಿಯಲ್ಲೇ ಬಂದಿರಬೇಕು ಅಂತ ಬರೆದುಕೊಳ್ಳೋದು. ಸಾಗರದ ಸ್ಟ್ಯಾಂಡಲ್ಲಿ ಮಾತ್ರ ಇಣುಕಿ, ಅಲ್ಲಿಲ್ಲ ಅಂದರೆ ಹೊಸನಗರದಲ್ಲಿದೆ ಅಂದ ಹಾಗೆ. ಲೆಕ್ಕಕ್ಕೆ ಹಿಡಿದ ಫೋಟಾನನ್ನು ಯಾರೂ ಮುಟ್ಟಿಲ್ಲ. ಆದರೂ ಗೆರೆ ದಾಟಿತು.

ಇದನ್ನ ಓದಿ ಮೈ ಜುಂ ಅನ್ನದಿದ್ದರೆ ಇನ್ನೊಂದು ಸಲ ಓದಿ. ಫೋಟಾನು ಒಂದೋ ಇಲ್ಲಿತ್ತು ಇಲ್ಲವೋ ಅಲ್ಲಿತ್ತು, ನಾವು ಆಮೇಲೆ ನೋಡಿದ್ವಿ ಅನ್ನೋ ನಮ್ಮ ದಿನಬಳಕೆಯ ‘ಇರುವಿಕೆ’ ಅಲ್ಲಿ ನಡೆಯೋದಿಲ್ಲ. ಜಾನ್ ಬೆಲ್ 1964ರಲ್ಲಿ ಕೊಟ್ಟ ಬೇರೊಂದು ಲೆಕ್ಕದ ಪ್ರಯೋಗಗಳಿಗೆ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂದಿದ್ದೂ ಇದೇ ಜಾತಿಯ ಪೆಟ್ಟಿಗೆ. ಇಷ್ಟು ದೊಡ್ಡ ಆಶ್ಚರ್ಯ ಕೈಲಿರುವಾಗ ಅದನ್ನ ಪ್ರಮೋಷನ್ ಗಿಟ್ಟಿಸೋ ಮಂತ್ರ ಮಾಡಿಕೊಳ್ಳೋದು ಜೋಗದ ನೀರಲ್ಲಿ ಕಾರು ತೊಳೆದ ಹಾಗೆ.

ಫೋಟಾನಿನ ಕಥೆ ಹೀಗಾದರೆ ಕಲ್ಲುಮಣ್ಣಿನ ಕಥೆ ಏನು? ಮಡೆನೂರಿಗೆ ಬನ್ನಿ. ಲಿಂಗನಮಕ್ಕಿಗಿಂತ ಮುಂಚೆ ಶರಾವತಿಗೆ ಅಲ್ಲೊಂದು ಅಣೆಕಟ್ಟು ಇತ್ತು, ಹಿರೇಭಾಸ್ಕರ. ಜೋಗದ ಮೊದಲ ವಿದ್ಯುತ್ ಯೋಜನೆಗೆ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ಹಿನ್ನೀರಿನ ಪೂರ್ಣ ಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರು ಅಣೆಕಟ್ಟು ತಲೆ ಎತ್ತುತ್ತೆ, ಜನ ಹೋಗಿ ಫೋಟೊ ತೆಗೀತಾರೆ. ನಡುವಿನ ವರ್ಷಗಳಲ್ಲಿ ಅದನ್ನ ಯಾರೂ ನೋಡಿಲ್ಲ. ಮೀನು ನೋಡ್ತಿತ್ತು ಅಂತೀರಾ? ಹಾಗಾದರೆ ಮೀನಿಗೂ ಸರ್ಟಿಫಿಕೇಟು ಕೊಡಿ. (ಮೊದಲ ಏಕಕೋಶ ಜೀವಿ ಹುಟ್ಟೋವರೆಗೆ ಜಗತ್ತು ಕಾಯ್ತಿತ್ತಾ, ಅಥವಾ ಪಿಎಚ್.ಡಿ ಮಾಡಿದವನು ಬರಲಿ ಅಂತ ಇನ್ನೂ ಕಾಯ್ತಾ ಅಂತ ಇದೇ ಬೆಲ್ ಒಮ್ಮೆ ಗೇಲಿ ಮಾಡಿದ್ದರು.) ವಿಯೆನ್ನಾದ ಒಂದು ಅಣುವಿಗೆ ನಾಲ್ಕಾರು ಬೆಳಕಿನ ಕಣ ಉಗುಳಿದ್ದೇ ಸಾಕಾಯ್ತು. ಅಣೆಕಟ್ಟಿಗೆ ಕ್ಷಣಕ್ಷಣವೂ ಕೋಟಿಕೋಟಿ ನೀರಿನ ಅಣುಗಳು ಬಡಿಯುತ್ತಿರುತ್ತವೆ. ಎಲ್ಲಿದ್ದೀಯ ಅಂತ ಅದನ್ನ ವಿಚಾರಿಸೋದು ಆ ನೀರು, ನಾವಲ್ಲ.

ಅಂದಹಾಗೆ ಆ ನೀರಿನ ಕೆಳಗೆ ಊರುಗಳೂ ಹೋದವು. ಎದ್ದು ಬಂದ ಕುಟುಂಬಗಳಲ್ಲಿ ಹಲವರು ಇವತ್ತಿಗೂ ಕೂತ ಜಾಗದ ಹಕ್ಕುಪತ್ರಕ್ಕೆ ಓಡಾಡ್ತಿದ್ದಾರೆ. ಬೆಂಗಳೂರಲ್ಲಿ ಸ್ವಿಚ್ ಒತ್ತಿದಾಗ ಅವರು ಯಾರ ಕಣ್ಣಿಗೂ ಬೀಳೋದಿಲ್ಲ. ನೋಡದೇ ಇದ್ದದ್ದು ಇಲ್ಲ ಅನ್ನೋ ತತ್ವ ಯಾರಿಗೆ ಅನುಕೂಲ ಅಂತ ಯೋಚನೆ ಮಾಡಿ.

ಫೋಟಾನಿಗೂ ಅಣೆಕಟ್ಟಿಗೂ ನಡುವೆ ಗೆರೆ ಎಲ್ಲಿ? ಇದು ಇನ್ನೂ ಬಗೆಹರಿಯದ ಪ್ರಶ್ನೆ. ಬಗೆಹರಿದಿದೆ ಅನ್ನೋರನ್ನ ನಂಬಬೇಡಿ. ಡೇವಿಡ್ ಬೋಮ್ 1952ರಲ್ಲಿ, ಕಣ ಯಾವಾಗಲೂ ಒಂದು ಕಡೆ ಇದ್ದೇ ಇರುತ್ತೆ, ಅದನ್ನ ನಡೆಸೋ ಅಲೆ ವಿಚಿತ್ರ ಅಂತ ಒಂದು ಸಿದ್ಧಾಂತ ಕಟ್ಟಿದರು. ಲೆಕ್ಕಗಳೆಲ್ಲ ಸರಿಯಾಗೇ ಬರುತ್ತವೆ. ಯೂಜೀನ್ ವಿಗ್ನರ್ 1961ರಲ್ಲಿ ಪ್ರಜ್ಞೆಗೇ ಪಾತ್ರ ಇದೆ ಅಂತ ವಾದಿಸಿದ್ದು ಹೌದು, ನೊಬೆಲ್ ಪಡೆದ ದೊಡ್ಡ ಮನುಷ್ಯ. ಮುಂದೆ ಅವರೇ ಆ ನಿಲುವು ಕೈಬಿಟ್ಟರು ಅನ್ನೋದು ಸ್ಲೈಡಿನಲ್ಲಿ ಇರೋದಿಲ್ಲ. ಹ್ಯೂ ಎವರೆಟ್, ಎಲ್ಲ ಸಾಧ್ಯತೆಗಳೂ ನಡೆದೇ ನಡೆಯುತ್ತವೆ, ನಮಗೆ ಒಂದು ಮಾತ್ರ ಕಾಣುತ್ತೆ ಅಂದರು.

ಇವರಲ್ಲಿ ಯಾರನ್ನ ಬೇಕಾದರೂ ಆರಿಸಿಕೊಳ್ಳಿ, ಹಳೇ ವಿಗ್ನರನ್ನೇ ಆರಿಸಿಕೊಳ್ಳಿ. ಆಗಲೂ ಶಿಬಿರದವರಿಗೆ ಏನೂ ಗಿಟ್ಟೋದಿಲ್ಲ. ಯಾಕೆಂದರೆ ನೋಡುವವನಿಗೆ ಫಲಿತಾಂಶ ಆರಿಸೋ ಅಧಿಕಾರ ಇವರ್ಯಾರೂ ಕೊಟ್ಟಿಲ್ಲ. ಯಾವ ಫಲಿತಾಂಶ ನೂರಕ್ಕೆ ಎಷ್ಟು ಸಲ ಬರುತ್ತೆ ಅನ್ನೋ ಸೂತ್ರವನ್ನು ಮ್ಯಾಕ್ಸ್ ಬಾರ್ನ್ 1926ರಲ್ಲೇ ಕೊಟ್ಟರು. ನೋಡೋನು ಖುಷಿಯಲ್ಲಿದ್ದರೂ ಅಷ್ಟೇ, ಅಳ್ತಾ ಇದ್ದರೂ ಅಷ್ಟೇ, ಫೀಸು ಕಟ್ಟಿದ್ದರೂ ಅಷ್ಟೇ. ಏನನ್ನು ಅಳೀಬೇಕು ಅನ್ನೋದು ನಿಮ್ಮ ಆಯ್ಕೆ. ಉತ್ತರ ಏನು ಬರಬೇಕು ಅನ್ನೋದು ಅಲ್ಲ. ‘ಮ್ಯಾನಿಫೆಸ್ಟೇಷನ್’ ಅನ್ನೋ ಇಡೀ ಅಂಗಡಿ ನಿಂತಿರೋದು ಈ ಎರಡನ್ನೂ ಒಂದೇ ಮಾಡಿ ತೋರಿಸೋ ಕೈಚಳಕದ ಮೇಲೆ.

ಎವರೆಟ್ ಆ ಪ್ರಬಂಧ ಪ್ರಕಟಿಸಿದ್ದು 1957ರಲ್ಲಿ. ಅದೇ ವರ್ಷ ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಊರಿನವರಿಗೆ ಜ್ವರ, ಮೈಕೈ ಸೆಳೆತ, ರಕ್ತಸ್ರಾವ. ಮಂಗ ಸಾಯ್ತಿದೆ, ಮನುಷ್ಯನೂ ಸಾಯ್ತಿದ್ದಾನೆ ಅಂದಾಗ ವೈರಸ್ ಬಲ್ಲವರ ತಲೆಗೆ ಮೊದಲು ಬಂದಿದ್ದು ಯೆಲ್ಲೋ ಫೀವರ್. ಏಷ್ಯಾದಲ್ಲಿ ಎಂದೂ ಕಾಣಿಸದ ರೋಗ ಇಲ್ಲಿಗೂ ಬಂತಾ ಅನ್ನೋ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳಿಂದ ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಅದು ಯೆಲ್ಲೋ ಫೀವರ್ ಆಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡೋ ಮೆದುಳುಜ್ವರದ ಬಳಗಕ್ಕೆ ಸೇರಿದ, ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ವೈರಸ್. ಇಲ್ಲಿಯೂ ಹರಡುತ್ತಿದ್ದದ್ದು ಉಣುಗು.

ಹೇಳಿ, ಇಲ್ಲಿ ನೋಡುವವನ ಮನಸ್ಸು ಎಲ್ಲಿ ಕೆಲಸ ಮಾಡಿತು? ಪರಿಣತರು ನಿರೀಕ್ಷಿಸಿದ್ದೊಂದು, ಸಿಕ್ಕಿದ್ದೊಂದು. ಹಾಗೆ ‘ಅಲ್ಲ’ ಅನ್ನೋ ತಾಕತ್ತು ಇರೋದಕ್ಕೇ ನಾವು ಅದನ್ನ ವಾಸ್ತವ ಅಂತ ಕರೆಯೋದು. ವೈರಸ್ಸಿಗೆ ಹೆಸರು ಬರೋ ಮುಂಚೆ ಮಂಗಗಳು ಸತ್ತವು. ಆ ಮಂಗಗಳ ‘ನಕಾರಾತ್ಮಕ ಚಿಂತನೆ’ ಕಾರಣ ಅನ್ನೋಕೆ ಯಾವ ಗುರುವಿಗೂ ಬಾಯಿ ಬರಲಿಕ್ಕಿಲ್ಲ.

ಮನುಷ್ಯರ ವಿಷಯದಲ್ಲಿ ಬರುತ್ತೆ, ಅದೇ ನನ್ನ ಸಿಟ್ಟು. ಮನಸ್ಸೇ ವಾಸ್ತವ ಸೃಷ್ಟಿಸೋದು ಅಂತ ಒಪ್ಪಿದ ಮರುಗಳಿಗೆ, ಕಾಯಿಲೆ ಬಂದವರು ಅದನ್ನ ತಾವೇ ಬರಿಸಿಕೊಂಡರು ಅಂತಾಯ್ತು. ನಿಮ್ಮ ಕಂಪನ ಸರಿ ಇರಲಿಲ್ಲ, ನೀವು ಪೂರ್ತಿ ನಂಬಲಿಲ್ಲ. ವಾಸಿಯಾದರೆ ಶಿಬಿರಕ್ಕೆ ಕೀರ್ತಿ, ಆಗದಿದ್ದರೆ ರೋಗಿಯ ತಪ್ಪು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹರಡಿ ಹಲವರು ಸತ್ತರು. ಕೊಟ್ಟಿಗೆಗೆ ಹಾಸೋಕೆ ತರಗೆಲೆ ತರಲು, ಸೌದೆಗೆ ಅಂತ ಕಾಡಿಗೆ ಹೋಗೋರಿಗೆ ಅಂಟೋ ಕಾಯಿಲೆ ಇದು. ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯೋದಿಲ್ಲ. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗಿ ಅದನ್ನ ನಿಲ್ಲಿಸಿದರು. ಆ ಊರಿನವರು ಕೇಳಿದ್ದು ಒಳ್ಳೇ ಲಸಿಕೆ, ಹತ್ತಿರದಲ್ಲೇ ರಕ್ತಪರೀಕ್ಷೆ, ಸಮಯಕ್ಕೆ ಆಂಬುಲೆನ್ಸ್. ಇವೆಲ್ಲ ಹೊರಗಿರೋ ವಸ್ತುಗಳು. ಒಳಗಿನ ಕಂಪನಕ್ಕೆ ಸಿಗೋದಿಲ್ಲ, ಬಜೆಟ್ಟಲ್ಲಿ ದುಡ್ಡಿಟ್ಟರೆ ಸಿಗುತ್ತವೆ.

ತೋಟದವರಿಗಂತೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಸೋದು ಒಂದು ವಾರ ತಡವಾದರೆ ಅಡಿಕೆ ಉದುರುತ್ತೆ, ನೀವು ಎಷ್ಟೇ ಸಕಾರಾತ್ಮಕವಾಗಿ ಯೋಚನೆ ಮಾಡಿ. ಈಗ ಎಲೆಚುಕ್ಕೆ ಬೇರೆ. ವರ್ಕ್ ಫ್ರಂ ಹೋಮ್ ಅಂತ ಊರಲ್ಲಿ ಕೂತ ಮಗ ಕ್ವಾಂಟಮ್ ವಿಡಿಯೊ ನೋಡ್ತಿರುವಾಗ ಅಪ್ಪ ಹೊರಗೆ ಮಳೆ ಬಿಡುವು ಕೊಡುತ್ತಾ ಅಂತ ಆಕಾಶ ನೋಡ್ತಿರ್ತಾರೆ. ಇಬ್ಬರಲ್ಲಿ ಅಬ್ಸರ್ವರ್ ಯಾರು ಮಾರಾಯ್ರೆ?

ಕೇಂದ್ರ ಸರ್ಕಾರ 2023ರಲ್ಲಿ ಕ್ವಾಂಟಮ್ ಮಿಷನ್ನಿಗೆ ಆರು ಸಾವಿರ ಕೋಟಿ ರೂಪಾಯಿಗೂ ಸ್ವಲ್ಪ ಹೆಚ್ಚೇ ಒಪ್ಪಿಗೆ ಕೊಟ್ಟಿದೆ. ಮುಂದಿನ ಹತ್ತು ವರ್ಷ ಈ ಪದ ಇನ್ನೂ ಜೋರಾಗಿ ಕಿವಿಗೆ ಬೀಳುತ್ತೆ, ಜೊತೆಗೆ ಕ್ವಾಂಟಮ್ ನೀರು, ಕ್ವಾಂಟಮ್ ಬಳೆ, ಕ್ವಾಂಟಮ್ ಹಾಸಿಗೆಯೂ ಬರುತ್ತೆ. ಮಾರೋಕೆ ಬಂದವರಿಗೆ ಮೇಲಿನ ಬಸ್ಸಿನ ಲೆಕ್ಕ ಒಪ್ಪಿಸಿ. ಐವತ್ತು ಯಾಕೆ ಎಪ್ಪತ್ತೈದಾಗುತ್ತೆ ಅಂತ ಕೇಳಿ. ಉತ್ತರ ಗೊತ್ತಿದ್ದವರಾದರೆ ಅವರನ್ನ ಕೂರಿಸಿ ಕಾಫಿ ಕೊಡಿ. ಫೀಸಿನ ಮಾತು ಎತ್ತಿದರೆ ಕಳಿಸಿಬಿಡಿ.

ಇನ್ನು ಮುಂದಿನ ಶಿಬಿರವನ್ನ ಮಲೆನಾಡಿನ ರೆಸಾರ್ಟಲ್ಲೇ ಇಡ್ತೀವಿ, ಕಾಡಿನಲ್ಲಿ ಧ್ಯಾನ ಮಾಡಿಸ್ತೀವಿ ಅನ್ನೋರಿಗೆ: ಬನ್ನಿ. ಆದರೆ ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಉಣುಗು ಹತ್ತದಿರಲಿ ಅಂತ ಹಚ್ಚಿಕೊಳ್ಳೋ ಎಣ್ಣೆಯನ್ನು ಆರೋಗ್ಯ ಇಲಾಖೆಯವರು ಕೊಡ್ತಾರೆ. ಕೈಕಾಲಿಗೆ ಸರಿಯಾಗಿ ಹಚ್ಚಿಕೊಂಡು ಕಾಡಿಗೆ ಇಳೀರಿ, ವಾಪಸ್ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ.